ಬಿಸಿ ಸಾರು ಕುಡಿದರೆ ಬೇಜಾರು ಕಳೆಯುತ್ತದೆಯೇ?

ಪ್ರಶ್ನೆ: ನನಗೆ 63 ವರ್ಷ. ತಿಪಟೂರು ಕಡೆಯವನು. ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿ ನಿವೃತ್ತನಾಗಿದ್ದೇನೆ. ಎಂಟು ತಿಂಗಳ ಹಿಂದೆ ಹೆಂಡತಿ ತೀರಿಕೊಂಡಳು. ಮಗ, ಸೊಸೆ ಪುಣೆಯಲ್ಲಿದ್ದಾರೆ. ಅಲ್ಲಿಗೆ ಬಂದುಬಿಡಿ ಅನ್ನುತ್ತಾರೆ, ನನಗೆ ಮನಸ್ಸಿಲ್ಲ. ಮಧ್ಯಾಹ್ನ ಮೆಸ್‌ನಿಂದ ಕ್ಯಾರಿಯರ್ ಬರುತ್ತದೆ, ರಾತ್ರಿ ಬ್ರೆಡ್ಡೋ ಬಾಳೆಹಣ್ಣೋ ತಿಂದು ಮಲಗುತ್ತೇನೆ. ಯಾವುದರಲ್ಲೂ ಉತ್ಸಾಹವಿಲ್ಲ. ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ್ದರು: ಬೇಜಾರಾದಾಗ ಇನ್ನೊಬ್ಬರಿಗೆ ಒಳ್ಳೆಯದು ಮಾಡಿ, ಮನೆಯಲ್ಲೇ ಬಿಸಿ ಸೂಪ್ ಮಾಡಿಕೊಂಡು ಕುಡಿಯಿರಿ, ಮನಸ್ಸು ಅರಳುತ್ತದೆ ಅಂತ. ಇದರಲ್ಲಿ ನಿಜ ಇದೆಯೇ, ಅಥವಾ ಸುಮ್ನೆ ಹೇಳುವ ಮಾತೇ? ನನಗೆ ಟೀ ಬಿಟ್ಟರೆ ಬೇರೆ ಅಡುಗೆ ಬಾರದು. ಅವಳು ಮಾಡಿಟ್ಟ ಸಾರಿನ ಪುಡಿ ಅರ್ಧ ಡಬ್ಬಿ ಹಾಗೇ ಇದೆ, ಮುಟ್ಟಲು ಕೈ ಬರುತ್ತಿಲ್ಲ. ಅಕ್ಕಪಕ್ಕದವರಿಗೆ ಏನಾದರೂ ಮಾಡಿಕೊಡೋಣ ಎಂದರೆ, 'ಮೇಷ್ಟ್ರಿಗೆ ಇದ್ದಕ್ಕಿದ್ದಂತೆ ಏನಾಯ್ತು' ಅಂದುಕೊಳ್ಳುತ್ತಾರೇನೋ ಎಂಬ ಸಂಕೋಚ.

ಉತ್ತರ: ನಿಮಗೆ ಬಂದ ಮೆಸೇಜಿನಲ್ಲಿ ಅರ್ಧ ನಿಜ ಇದೆ. 'ಮನಸ್ಸು ಅರಳುತ್ತದೆ' ಅನ್ನುವುದು ಮಾತ್ರ ತೀರಾ ದೊಡ್ಡ ಮಾತು. ಮೂವತ್ತು-ನಲವತ್ತು ವರ್ಷ ಜೊತೆಗಿದ್ದವರು ಹೋದ ದುಃಖ ಒಂದು ಬಟ್ಟಲು ಸೂಪಿಗೆ ಇಳಿಯುವಂಥದ್ದಲ್ಲ. ಇಳಿಯಲೇಬೇಕು ಅಂತಲೂ ಇಲ್ಲ. ಎಂಟು ತಿಂಗಳಿಗೆ ನೀವು ಅವರನ್ನು ನೆನೆದು ಅಳುತ್ತಿದ್ದರೆ ಅದು ಕಾಯಿಲೆಯಲ್ಲ. ನನಗೆ ಚಿಂತೆಯಾಗುವುದು ನಿಮ್ಮ ರಾತ್ರಿಯ ಊಟ ಬ್ರೆಡ್ಡಿಗೆ ಬಂದು ನಿಂತಿದೆ ಅನ್ನುವುದರ ಬಗ್ಗೆ. ಮತ್ತೆ, ದಿನದಲ್ಲಿ ಒಬ್ಬರ ಜೊತೆಗಾದರೂ ಮಾತಾಡುತ್ತೀರೋ ಇಲ್ಲವೋ ಎಂಬುದು ನಿಮ್ಮ ಪತ್ರದಲ್ಲಿ ಎಲ್ಲೂ ಕಾಣುವುದಿಲ್ಲ.

ಹಾಗಾಗಿ ಆ ಮೆಸೇಜನ್ನು ನಾನು ಸ್ವಲ್ಪ ತಿದ್ದುತ್ತೇನೆ. ಸೂಪ್ ಬೇರೆ, ಒಳ್ಳೆಯ ಕೆಲಸ ಬೇರೆ ಅಂತ ಇಟ್ಟುಕೊಳ್ಳಬೇಡಿ. ಒಬ್ಬರಿಗೆ ಬೇಕಾಗುವುದಕ್ಕಿಂತ ಸ್ವಲ್ಪ ಜಾಸ್ತಿ ಸಾರು ಮಾಡಿ. ಜಾಸ್ತಿಯಾದದ್ದು ಮನೆಯ ಹೊಸಿಲು ದಾಟಿ ಹೊರಗೆ ಹೋಗಲಿ. ನಾನು ಹೇಳುವ ಮದ್ದು ಇಷ್ಟೇ. ಇದು ಯಾಕೆ ಕೆಲಸ ಮಾಡುತ್ತದೆ, ಹೇಗೆ ಶುರು ಮಾಡಬೇಕು ಎಂಬುದನ್ನು ಮುಂದೆ ಹೇಳುತ್ತೇನೆ. ನೀವು ಗಣಿತದವರು, ಕಾರಣ ಹೇಳದೆ ಸೂತ್ರ ಕೊಟ್ಟರೆ ಒಪ್ಪುವುದಿಲ್ಲ ಅಂತ ಗೊತ್ತು.

ಮೊದಲು ಆಹಾರದ ವಿಷಯ. ಇಷ್ಟದ ತಿಂಡಿ ತಿಂದರೆ ಬೇಜಾರು ಹೋಗುತ್ತದೆ ಅಂತ ನಾವೆಲ್ಲ ನಂಬಿದ್ದೇವೆ ಅಲ್ವಾ? ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದವರು ಇದನ್ನು ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದರು. ಜನರಿಗೆ ಮನಸ್ಸು ಕೆಡಿಸುವ ಸಿನಿಮಾ ತುಣುಕು ತೋರಿಸಿದರು. ಆಮೇಲೆ ಕೆಲವರಿಗೆ ಅವರವರ ಅಚ್ಚುಮೆಚ್ಚಿನ ತಿನಿಸು ಕೊಟ್ಟರು, ಕೆಲವರಿಗೆ ಬೇರೇನೋ ತಿನಿಸು, ಕೆಲವರಿಗೆ ಏನೂ ಕೊಡಲಿಲ್ಲ. ಕೆಲವು ನಿಮಿಷ ಕಳೆದ ಮೇಲೆ ನೋಡಿದರೆ ಎಲ್ಲರ ಮನಸ್ಸೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಸುಧಾರಿಸಿತ್ತು! ಅಂದರೆ ಆಹಾರಕ್ಕೆ ನಾವು ಕೊಡುವ ಬಿರುದು ಎಷ್ಟೋ ಸಲ ಸಮಯಕ್ಕೆ ಸಲ್ಲಬೇಕಾದದ್ದು.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. 2011ರಲ್ಲಿ ಅಮೆರಿಕದ ಬಫಲೋ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಕೋಳಿ ಸೂಪಿನ ಮೇಲೆ ಪ್ರಯೋಗ ಮಾಡಿದ್ದರು. ಅವರಿಗೆ ಕಂಡದ್ದು ಬೇರೆ. ಆ ಸೂಪನ್ನು ಮನೆಯ ಆಸರೆಯ ಊಟ ಅಂತ ಭಾವಿಸಿದವರಿಗೆ, ಅದನ್ನು ಕುಡಿದ ಮೇಲೆ ಬಂಧು-ಬಳಗ, ನಂಟಿಗೆ ಸಂಬಂಧಿಸಿದ ಮಾತುಗಳು ಹೆಚ್ಚು ಸುಲಭವಾಗಿ ಮನಸ್ಸಿಗೆ ಬರುತ್ತಿದ್ದವು. ಸೂಪ್ ಅಂದರೆ ವಿಶೇಷವೇನೂ ಅಲ್ಲ ಅನ್ನುವವರಿಗೆ ಹಾಗಾಗಲಿಲ್ಲ. ಅದನ್ನು ಮಾಡಿ ಬಡಿಸುತ್ತಿದ್ದವರ ನೆನಪಿನಿಂದಲೇ ಆ ಊಟಕ್ಕೆ ಬಲ. ನಮ್ಮಲ್ಲಿ ಜ್ವರ ಬಂದವರಿಗೆ, ಬಾಣಂತಿಗೆ, ಊರಿಂದ ದಣಿದು ಬಂದವರಿಗೆ ಮೆಣಸಿನ ಸಾರು ಕೊಡುತ್ತಾರೆ. ಹೀಗೆ ಯಾರೋ ನಮ್ಮನ್ನು ನೋಡಿಕೊಂಡ ಹೊತ್ತುಗಳೆಲ್ಲ ಆ ವಾಸನೆಗೆ ಅಂಟಿಕೊಂಡಿರುತ್ತವೆ.

ನಿಮಗೆ ಸಾರಿನ ಪುಡಿಯ ಡಬ್ಬಿ ಮುಟ್ಟಲಾಗದಿರುವುದಕ್ಕೂ ಇದೇ ಕಾರಣ. ಮುಟ್ಟಬೇಡಿ, ಅವಸರವಿಲ್ಲ. ನಾನು ಹೇಳುವ ಸಾರಿಗೆ ಆ ಪುಡಿ ಬೇಡ. ಮುಂದೆ ಯಾವತ್ತಾದರೂ ತೆಗೆಯಬೇಕು ಅನಿಸಿದರೆ ತೆಗೆಯಿರಿ. ಎಂಟು ತಿಂಗಳಿಗೆ ಘಮ ಕಡಿಮೆಯಾಗಿರುತ್ತದೆ, ಆದರೆ ಒದ್ದೆ ಚಮಚ ಹಾಕದೆ ಮುಚ್ಚಿಟ್ಟಿದ್ದರೆ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ. ಬೂಷ್ಟು, ಹುಳ ನೋಡಿಕೊಳ್ಳಿ. ಒಂದು ಕೆಲಸ ಮಾತ್ರ ಬೇಗ ಮಾಡಿ. ನಿಮ್ಮ ನಾದಿನಿಗೋ, ಹೆಂಡತಿಯ ಕಡೆಯ ಇನ್ಯಾರಿಗೋ ಫೋನ್ ಮಾಡಿ, ಆ ಮನೆಯಲ್ಲಿ ಪುಡಿಗೆ ಧನಿಯ ಎಷ್ಟು, ಮೆಂತ್ಯ ಎಷ್ಟು, ಬ್ಯಾಡಗಿ ಎಷ್ಟು, ಗುಂಟೂರು ಎಷ್ಟು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಹಿರಿಯರು ಇರುವಾಗಲೇ ಕೇಳಿಕೊಳ್ಳಬೇಕಾದ ಲೆಕ್ಕ ಅದು.

ಈಗ ಸಾರು. ಮೂರು ಜನಕ್ಕೆ ಆಗುವಷ್ಟು ಹೇಳುತ್ತೇನೆ. ಅರ್ಧ ಲೋಟ ತೊಗರಿಬೇಳೆ ತೊಳೆದು, ಒಂದೂವರೆ ಲೋಟ ನೀರು, ಚಿಟಿಕೆ ಅರಿಶಿನ, ನಾಲ್ಕು ಹನಿ ಎಣ್ಣೆ ಹಾಕಿ ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿ. ಅದು ತಣ್ಣಗಾಗುವಷ್ಟರಲ್ಲಿ ಸಣ್ಣ ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣನ್ನು ಬಿಸಿನೀರಲ್ಲಿ ನೆನೆಸಿ ಕಿವುಚಿಕೊಳ್ಳಿ. ಪಾತ್ರೆಯಲ್ಲಿ ಆ ಹುಳಿನೀರು, ಎರಡು ಟೊಮೆಟೊ ಹೆಚ್ಚಿದ್ದು, ಒಂದು ಎಸಳು ಕರಿಬೇವು, ಉಪ್ಪು, ಅಡಿಕೆ ಗಾತ್ರದ ಬೆಲ್ಲ, ಒಂದು ಲೋಟ ನೀರು ಹಾಕಿ ಕುದಿಯಲು ಇಡಿ. ಹುಣಸೆಯ ಹಸಿ ವಾಸನೆ ಹೋಗಬೇಕು, ಟೊಮೆಟೊ ಕರಗಬೇಕು. ಎಂಟು-ಹತ್ತು ನಿಮಿಷ ಸಾಕು.

ಆಮೇಲೆ ಮುಖ್ಯವಾದದ್ದು. ಒಗ್ಗರಣೆ ಸೌಟಿನಲ್ಲಿ ಅರ್ಧ ಚಮಚ ತುಪ್ಪ ಕಾಯಿಸಿ, ಸಣ್ಣ ಉರಿಯಲ್ಲಿ ಒಂದು ಚಮಚ ಕಾಳುಮೆಣಸು, ಒಂದು ಚಮಚ ಜೀರಿಗೆ ಹಾಕಿ. ಜೀರಿಗೆ ಒಂದು ಬಣ್ಣ ಏರಿ ಘಮ್ಮೆಂದ ತಕ್ಷಣ ತೆಗೆಯಿರಿ, ಕಪ್ಪಾದರೆ ಸಾರು ಕಹಿ. ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ. ಮಿಕ್ಸಿ ಬೇಡ, ನುಣ್ಣಗಾದ ಮೆಣಸು ಗಂಟಲು ಹಿಡಿಯುತ್ತದೆ. ಅದರ ಜೊತೆಗೇ ಐದಾರು ಎಸಳು ಬೆಳ್ಳುಳ್ಳಿಯನ್ನೂ ಜಜ್ಜಿ. ಇವೆರಡನ್ನೂ ಕುದಿಯುವ ಹುಳಿನೀರಿಗೆ ಹಾಕಿ, ಬೆಂದ ಬೇಳೆಯನ್ನು ಚೆನ್ನಾಗಿ ಮಸೆದು ಎರಡು ಲೋಟ ನೀರಿನ ಜೊತೆ ಸೇರಿಸಿ. ಇಲ್ಲಿಂದ ಮುಂದೆ ಒಲೆ ಬಿಟ್ಟು ಹೋಗಬೇಡಿ, ಫೋನ್ ನೋಡಬೇಡಿ. ಉರಿ ಸಣ್ಣಗಿರಲಿ. ಸಾರಿನ ಅಂಚಿನಲ್ಲಿ ನೊರೆ ಕಟ್ಟಿ, ಅದು ನಡುವಿಗೆ ಬಂದು, ಪಾತ್ರೆಯೇ ಉಬ್ಬಿದಂತೆ ಮೇಲೇಳುತ್ತದೆ. ಆಗ ಒಲೆ ಆರಿಸಿ. ಮತ್ತೆ ಮಳಮಳ ಕುದಿಸಿದರೆ ಮೆಣಸಿನ ಪರಿಮಳ ಹಾರಿಹೋಗುತ್ತದೆ. ಕೊನೆಗೆ ತುಪ್ಪದಲ್ಲಿ ಸಾಸಿವೆ, ಇಂಗು, ಒಂದು ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ, ಮೇಲೆ ಕೊತ್ತಂಬರಿ ಸೊಪ್ಪು. ಐದು ನಿಮಿಷ ಮುಚ್ಚಿಡಿ.

ಅಸಿಡಿಟಿ ಇದ್ದರೆ ಮೆಣಸು ಅರ್ಧ ಮಾಡಿಕೊಳ್ಳಿ. ಬಿಪಿ ಇದ್ದರೆ ಉಪ್ಪಿನ ಮೇಲೆ ಕಣ್ಣಿಡಿ. ಅಂಗಡಿಯ ಪ್ಯಾಕೆಟ್ ಸೂಪನ್ನು ನಾನು ಹೇಳದಿರುವುದಕ್ಕೂ ಅದೇ ಕಾರಣ, ಅದರಲ್ಲಿ ಉಪ್ಪು ಮತ್ತು ಕಾರ್ನ್ ಫ್ಲೋರೇ ಜಾಸ್ತಿ. ಹಾಗೆಯೇ ಬರೀ ತಿಳಿ ಬಗ್ಗಿಸಿಕೊಂಡು ಕುಡಿದು ಊಟ ಆಯ್ತು ಅನ್ನಬೇಡಿ. ತಳದ ಬೇಳೆಯೂ ಅನ್ನದ ಜೊತೆ ಹೊಟ್ಟೆಗೆ ಹೋಗಲಿ. ಈ ವಯಸ್ಸಿನಲ್ಲಿ ಒಬ್ಬರೇ ಇರುವವರಿಗೆ ಮೊದಲು ಕಡಿಮೆಯಾಗುವುದು ಪ್ರೋಟೀನು. ಕೈ ಕುದುರಿದ ಮೇಲೆ ಹುರುಳಿಕಾಳು ಬೇಯಿಸಿ ಕಟ್ಟಿನ ಸಾರು ಮಾಡಬಹುದು. ತಿನ್ನುವವರಾದರೆ ಕೋಳಿ ಸಾರೂ ಆಗಬಹುದು. ಸದ್ಯಕ್ಕೆ ಮೆಣಸಿನ ಸಾರು ಒಂದೇ ಸಾಕು.

ಅಡುಗೆಯನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಮನಸ್ಸು ಕುಗ್ಗಿದಾಗ ನಾವು ಉತ್ಸಾಹ ಬರಲಿ, ಆಮೇಲೆ ಕೆಲಸ ಮಾಡೋಣ ಅಂತ ಕಾಯುತ್ತೇವೆ. ಅದು ಬರುವುದಿಲ್ಲ. ಖಿನ್ನತೆಯ ಚಿಕಿತ್ಸೆಯಲ್ಲಿ ನಾವು ಇದನ್ನು ತಿರುಗಿಸುತ್ತೇವೆ. ಮನಸ್ಸಿಲ್ಲದಿದ್ದರೂ ಗೊತ್ತಾದ ದಿನ, ಗೊತ್ತಾದ ಹೊತ್ತಿಗೆ ಒಂದು ಸಣ್ಣ ಕೆಲಸ ಮಾಡಿಸುತ್ತೇವೆ, ಉತ್ಸಾಹ ಅದರ ಹಿಂದೆ ನಿಧಾನವಾಗಿ ಬರುತ್ತದೆ. ಇದಕ್ಕೆ ಸಾರು ಹೇಳಿ ಮಾಡಿಸಿದಂಥದ್ದು. ಮುಕ್ಕಾಲು ಗಂಟೆಯ ಕೆಲಸ, ಶುರು ಇದೆ, ಕೊನೆ ಇದೆ. ನೊರೆ ಬರುವಾಗ ಬೇರೆ ಯೋಚನೆಗೆ ಜಾಗವಿಲ್ಲ. ಕೆಟ್ಟರೂ ನಷ್ಟ ಅರ್ಧ ಲೋಟ ಬೇಳೆ.

ಇನ್ನು ಕೊಡುವ ವಿಷಯ. ನಿಮ್ಮ ಸಂಕೋಚ ನಿಮ್ಮೊಬ್ಬರದೇ ಅಲ್ಲ. ಅಮಿತ್ ಕುಮಾರ್ ಮತ್ತು ನಿಕೋಲಸ್ ಎಪ್ಲಿ ಎಂಬ ಇಬ್ಬರು ಸಂಶೋಧಕರು 2022ರಲ್ಲಿ ಇದರ ಬಗ್ಗೆಯೇ ಬರೆದರು. ಶಿಕಾಗೋದ ಒಂದು ಪಾರ್ಕಿನಲ್ಲಿ, ಚಳಿಯಲ್ಲಿ, ಐಸ್ ಮೇಲೆ ಜಾರುವ ಆಟ ಆಡಲು ಬಂದವರಿಗೆ ಬಿಸಿ ಚಾಕೊಲೇಟ್ ಕೊಟ್ಟು, ನೀವೇ ಇಟ್ಟುಕೊಳ್ಳಿ ಅಥವಾ ಗೊತ್ತಿಲ್ಲದ ಯಾರಿಗಾದರೂ ಕೊಡಿ ಎಂದರು. ಕೊಟ್ಟವರನ್ನು, ತೆಗೆದುಕೊಂಡವರಿಗೆ ಎಷ್ಟು ಖುಷಿಯಾಗಿರಬಹುದು ಅಂತ ಕೇಳಿದರು. ತೆಗೆದುಕೊಂಡವರನ್ನೂ ಕೇಳಿದರು. ಸರಾಸರಿ ನೋಡಿದರೆ ಕೊಟ್ಟವರ ಅಂದಾಜು ಕಡಿಮೆಯೇ. ಕೊಡುವವರು ಲೋಟದಲ್ಲಿರುವ ವಸ್ತುವಿನ ಬೆಲೆ ಲೆಕ್ಕ ಹಾಕುತ್ತಾರೆ, ಇಷ್ಟು ಸಾರಿಗೆ ಏನು ಮಹಾ ಅಂತ. ಪಡೆಯುವವರಿಗೆ ಮುಟ್ಟುವುದು ಇನ್ನೊಂದು: ನನ್ನ ನೆನಪು ಮಾಡಿಕೊಂಡು ಬಂದರಲ್ಲ ಅನ್ನುವುದು. 'ಮೇಷ್ಟ್ರಿಗೆ ಏನಾಯ್ತು' ಅಂದುಕೊಳ್ಳುತ್ತಾರೆ ಎಂಬ ನಿಮ್ಮ ಲೆಕ್ಕದಲ್ಲೂ ಇದೇ ತಪ್ಪಿದೆ.

ನಮ್ಮೂರುಗಳಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ಸಾವಿನ ಮನೆಗೆ ಹನ್ನೊಂದು ದಿನ ಜನ ಬರುತ್ತಾರೆ, ಅನ್ನ-ಸಾರು ತಂದುಕೊಡುತ್ತಾರೆ. ತಿಥಿ ಮುಗಿಯಿತೆಂದರೆ ಬೀದಿಯೇ ಮೌನ. ಅದು ನಿರ್ಲಕ್ಷ್ಯವಲ್ಲ, ಏನು ಮಾತಾಡಬೇಕೋ ತಿಳಿಯದು. ಹೆಂಡತಿಯ ಹೆಸರೆತ್ತಿದರೆ ನೋವಾಗುತ್ತದೇನೋ, ಎತ್ತದಿದ್ದರೆ ತಪ್ಪಾಗುತ್ತದೇನೋ ಅಂತ ದೂರದಿಂದಲೇ ತಲೆಯಾಡಿಸಿ ಹೋಗುತ್ತಾರೆ. ನೀವು ಒಂದು ಡಬ್ಬಿ ಸಾರು ಹಿಡಿದು ಹೋದರೆ ಮಾತಿಗೆ ಒಂದು ದಾರಿಯಾಗುತ್ತದೆ. 'ನಾನೇ ಮಾಡಿದ್ದು, ಉಪ್ಪು-ಹುಳಿ ಸರಿಯಿದೆಯಾ ನೋಡಿ ಹೇಳಿ' ಅನ್ನಿ ಸಾಕು. ಅಡುಗೆ ಬಲ್ಲ ಯಾವ ಹೆಂಗಸೂ ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರಿಸುವುದಿಲ್ಲ! ಡಬ್ಬಿ ಅಲ್ಲೇ ಬಿಟ್ಟು ಬನ್ನಿ. ಕೊಟ್ಟ ಪಾತ್ರೆಯನ್ನು ಖಾಲಿ ವಾಪಸ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಒಂದು ಹಿಡಿ ಸಕ್ಕರೆಯಾದರೂ ಹಾಕಿಕೊಡುತ್ತಾರೆ. ಅವರು ನಿಮ್ಮ ಮನೆ ಬಾಗಿಲಿಗೆ ಬಂದೇ ಬರುತ್ತಾರೆ, ಆಗ ಒಳಗೆ ಕರೆದು ಕೂರಿಸಿ.

ಕೆಲವು ಮನೆಗಳಲ್ಲಿ ಹೊರಗಿನವರು ಬೇಯಿಸಿದ್ದನ್ನು ತೆಗೆದುಕೊಳ್ಳುವುದಿಲ್ಲ. ಮಡಿ, ವ್ರತ, ಜಾತಿ, ಏನೇನೋ ಕಾರಣ. ಬೆಳ್ಳುಳ್ಳಿ ತಿನ್ನದವರೂ ಇದ್ದಾರೆ. ಮೊದಲೇ ಕೇಳಿಬಿಡಿ. ಬೇಡ ಅಂದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ನಿಮಗೆ ಬೇರೆ ಜನ ಇದ್ದಾರೆ. ನಿಮ್ಮ ಕ್ಯಾರಿಯರ್ ತರುವ ಹುಡುಗನಿಗೆ ಮಧ್ಯಾಹ್ನ ಒಂದು ಲೋಟ ಬಿಸಿ ಸಾರು ಕೊಟ್ಟು ನೋಡಿ. ದಿನಾ ಹತ್ತಾರು ಮನೆಗೆ ಊಟ ಮುಟ್ಟಿಸುವ ಅವನಿಗೆ, ನಿಂದು ಊಟ ಆಯ್ತಾ ಅಂತ ಎಷ್ಟು ಜನ ಕೇಳಿರುತ್ತಾರೆ?

ಒಳ್ಳೆಯ ಕೆಲಸ ಅಂದರೆ ಅಡುಗೆಯೇ ಆಗಬೇಕೆಂದಿಲ್ಲ. ನಿಮ್ಮ ಕೈಯಲ್ಲಿ ಇನ್ನೊಂದು ವಿದ್ಯೆ ಇದೆ. ನಿಮ್ಮ ಬೀದಿಯಲ್ಲೇ ಎಸ್ಸೆಸ್ಸೆಲ್ಸಿ ಗಣಿತಕ್ಕೆ ಹೆದರುವ ಒಂದು ಮಗುವಾದರೂ ಇರುತ್ತದೆ. ಟ್ಯೂಷನ್ ಶುರು ಮಾಡಿ ಅನ್ನುತ್ತಿಲ್ಲ. ಬೋರ್ಡು, ಫೀಸು, ಬ್ಯಾಚು ಅಂತ ಹೋದರೆ ಅದು ಮತ್ತೆ ನೌಕರಿಯಾಗುತ್ತದೆ. ಒಂದು ಮಗುವಿಗೆ, ವಾರಕ್ಕೆ ಎರಡು ಸಂಜೆ, ತ್ರಿಕೋನಮಿತಿಯೋ ಬಹುಪದೋಕ್ತಿಯೋ ಹೇಳಿಕೊಡಿ.

ವಾರಕ್ಕೆ ಎರಡು ದಿನ ಅಂದದ್ದು ಸುಮ್ನೆ ಅಲ್ಲ. ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಖಿನ್ನತೆ, ಆತಂಕದ ಲಕ್ಷಣವಿದ್ದ 122 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು ಗೆಳೆಯರ ಜೊತೆ ಬೆರೆಯುವ ಕಾರ್ಯಕ್ರಮ ಹಾಕಿಕೊಳ್ಳಬೇಕು. ಇನ್ನೊಂದು ತಮ್ಮ ಕೆಟ್ಟ ಯೋಚನೆಗಳನ್ನು ಬರೆದು ತಿದ್ದಿಕೊಳ್ಳಬೇಕು. ಮೂರನೆಯದು ವಾರದಲ್ಲಿ ಎರಡು ದಿನ, ದಿನಕ್ಕೆ ಮೂರು ಸಣ್ಣ ಉಪಕಾರ ಮಾಡಬೇಕು. ಐದು ವಾರಗಳ ನಂತರ ಮೂರೂ ಗುಂಪಿನವರಿಗೆ ಲಕ್ಷಣ ಕಡಿಮೆಯಾಗಿತ್ತು. ಆದರೆ 'ನಾನು ಜನರ ಜೊತೆಗಿದ್ದೇನೆ' ಎಂಬ ಭಾವ ಹೆಚ್ಚು ಬೆಳೆದದ್ದು ಉಪಕಾರದ ಗುಂಪಿನಲ್ಲಿ. ಇನ್ನೊಬ್ಬರಿಗೆ ಏನು ಬೇಕು ಅಂತ ನೋಡುವಾಗ ನಮ್ಮ ಮೇಲೇ ನೆಟ್ಟಿದ್ದ ಕಣ್ಣು ಸ್ವಲ್ಪ ಹೊತ್ತು ಆಚೆ ಹೋಗುತ್ತದೆ. ಅಲ್ಲಿದ್ದವರು ದೊಡ್ಡ ದಾನವನ್ನೇನೂ ಮಾಡಿರಲಿಲ್ಲ. ಮನೆಯಲ್ಲಿ ಒಂದು ತಿಂಡಿ ಮಾಡಿಕೊಟ್ಟದ್ದು, ಯಾರನ್ನೋ ಗಾಡಿಯಲ್ಲಿ ಬಿಟ್ಟುಬಂದದ್ದು, ಇಂಥವೇ.

ಹಾಗಂತ ದಿನವಿಡೀ ಊರ ಕೆಲಸಕ್ಕೆ ಬೀಳಬೇಡಿ. ದುಃಖದಲ್ಲಿರುವವರಲ್ಲಿ ಇಂಥವರನ್ನೂ ನೋಡುತ್ತೇನೆ. ಬೆಳಗಿನಿಂದ ರಾತ್ರಿವರೆಗೆ ಯಾರ್ಯಾರದೋ ಆಸ್ಪತ್ರೆ, ಮದುವೆ, ಬ್ಯಾಂಕ್ ಕೆಲಸ ಅಂತ ಓಡಾಡುತ್ತಾರೆ. ಮನೆಗೆ ಬಂದು ಖಾಲಿ ಕುರ್ಚಿ ನೋಡಬಾರದು ಅಂತ. ಸುಸ್ತಾಗಿ ಕೂತ ದಿನ ಎಲ್ಲ ಒಟ್ಟಿಗೆ ಮೇಲೆ ಬೀಳುತ್ತದೆ. ಇನ್ನು ಕೆಲವರು ಕೊಡುತ್ತಾರೆ, ಪಡೆಯುವುದಿಲ್ಲ. ಪಕ್ಕದ ಮನೆಯವರು ಪಾಯಸ ತಂದರೆ 'ಅಯ್ಯೋ ಯಾಕಮ್ಮ ಇದೆಲ್ಲ, ಬೇಡ' ಅಂದುಬಿಡುತ್ತಾರೆ. ನಮ್ಮ ತಲೆಮಾರಿನ ಗಂಡಸರಿಗೆ ಇದು ಜಾಸ್ತಿ. ನೀವು ಹಾಗೆ ಮಾಡಬೇಡಿ. ತಂದದ್ದನ್ನು ಅವರೆದುರೇ ಒಂದು ಚಮಚ ತಿಂದು, ಚೆನ್ನಾಗಿದೆ ಅನ್ನಿ. ಕೊಡುವ ಖುಷಿ ಅವರಿಗೂ ಸಿಗಲಿ.

ಮಗನ ಬಗ್ಗೆ ಒಂದು ಮಾತು. ಪುಣೆಗೆ ಹೋಗದಿರುವುದು ನಿಮ್ಮ ಇಷ್ಟ, ತಪ್ಪೇನಿಲ್ಲ. ಆದರೆ ಫೋನಿನಲ್ಲಿ 'ಊಟ ಆಯ್ತಾ ಅಪ್ಪ' ಅಂದರೆ 'ಆಯ್ತು' ಅಂತ ಮುಗಿಸುತ್ತಿದ್ದೀರಿ ಅಂತ ನನ್ನ ಊಹೆ. ಭಾನುವಾರ ಬೆಳಿಗ್ಗೆ ವಿಡಿಯೋ ಕಾಲ್ ಹಾಕಿ ಫೋನನ್ನು ಒಲೆಯ ಪಕ್ಕ ಒರಗಿಸಿಡಿ. ನೀವಿಬ್ಬರೂ ಒಂದೇ ಸಾರು ಮಾಡಿ. ನೊರೆ ಬಂತು, ಆರಿಸು ಅಂತ ಸೊಸೆ ಅಲ್ಲಿಂದ ಕೂಗಲಿ. ತಾಯಿ ಹೋದ ದುಃಖ ಅವನಿಗೂ ಇದೆ. ಅವನೂ ನಿಮ್ಮ ಹಾಗೆಯೇ 'ಚೆನ್ನಾಗಿದ್ದೀನಿ' ಅನ್ನುತ್ತಿರಬಹುದು. ಇದು ಫೋನ್ ನೋಡಬೇಡಿ ಎಂದ ನನ್ನ ಮಾತಿಗೆ ವಿರುದ್ಧ, ಆದರೂ ಒಂದು ಭಾನುವಾರ ಸಾರು ಉಕ್ಕಿದರೆ ಉಕ್ಕಲಿ.

ಇದಿಷ್ಟೂ ಮಾಡುವ ಮೊದಲೇ ಒಂದು ರಕ್ತ ಪರೀಕ್ಷೆ ಮಾಡಿಸಿ. ವಿಟಮಿನ್ ಬಿ12, ಥೈರಾಯ್ಡ್, ಸಕ್ಕರೆ, ಹಿಮೋಗ್ಲೋಬಿನ್. ಸಸ್ಯಾಹಾರಿಗಳಲ್ಲಿ, ವಯಸ್ಸಾದವರಲ್ಲಿ ಬಿ12 ಕಡಿಮೆ ಇರುವುದು ನಮ್ಮಲ್ಲಿ ತುಂಬಾ ಸಾಮಾನ್ಯ. ಅದರಿಂದಲೂ ಸುಸ್ತು, ಮರೆವು, ಮಂಕು ಬರುತ್ತದೆ. ಥೈರಾಯ್ಡ್ ಕಡಿಮೆಯಾದರೂ ಹಾಗೆಯೇ. ಇವನ್ನು ಸಾರಿನಿಂದ ಸರಿಮಾಡಲು ಆಗದು, ಮಾತ್ರೆಯಿಂದಲೋ ಇಂಜೆಕ್ಷನ್‌ನಿಂದಲೋ ಆಗುತ್ತದೆ.

ದುಃಖವೋ ಖಿನ್ನತೆಯೋ ಎಂದು ನೋಡಿಕೊಳ್ಳಲು ನಾನು ಕೇಳುವುದು ಇವನ್ನು. ದುಃಖ ಅಲೆಯಾಗಿ ಬರುತ್ತದೆ, ನಡುನಡುವೆ ಬಿಡುವು ಕೊಡುತ್ತದೆ. ಮೊಮ್ಮಗುವಿನ ಮಾತಿಗೋ ಹಳೆಯ ಶಿಷ್ಯ ಸಿಕ್ಕಾಗಲೋ ನಗು ಬರುತ್ತದೆ. ಹಾಗಲ್ಲದೆ ಎರಡು ವಾರಕ್ಕಿಂತ ಹೆಚ್ಚು, ದಿನದ ಬಹುಪಾಲು ಮನಸ್ಸು ಕತ್ತಲಾಗಿಯೇ ಇದ್ದರೆ, ನಸುಕಿನಲ್ಲೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿದ್ದರೆ, ತೂಕ ಇಳಿಯುತ್ತಿದ್ದರೆ, ನಾನು ಯಾರಿಗೂ ಬೇಡದವನು, ನಾನೇ ಸರಿಯಾಗಿ ನೋಡಿಕೊಳ್ಳಲಿಲ್ಲ ಎಂಬ ಯೋಚನೆ ಬಿಡದೆ ಕಾಡುತ್ತಿದ್ದರೆ, ಅದು ಚಿಕಿತ್ಸೆ ಬೇಕಾದ ಖಿನ್ನತೆಯಾಗಿರಬಹುದು. ಬದುಕೇ ಬೇಡ ಅನಿಸುತ್ತಿದ್ದರೆ ಒಂದು ದಿನವೂ ಕಾಯಬೇಡಿ, ಇವತ್ತೇ ಮಗನಿಗೆ ಹೇಳಿ.

ಕರೆ ಮಾಡಲು 14416 ಇದೆ. ಟೆಲಿ ಮಾನಸ್ ಎಂಬ ಸರ್ಕಾರದ ಸಹಾಯವಾಣಿ, 2022ರ ಅಕ್ಟೋಬರ್ 10ರಂದು ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು-ರಾತ್ರಿ ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನೇರವಾಗಿ ವೈದ್ಯರನ್ನು ನೋಡಬೇಕೆಂದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದ್ದನ್ನೇ 1996ರಿಂದ ದೇಶಕ್ಕೆ ವಿಸ್ತರಿಸಿದರು. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿದರೆ ಆ ತಂಡ ಯಾವ ದಿನ ಬರುತ್ತದೆ, ತುಮಕೂರಿನಲ್ಲಿ ಯಾರನ್ನು ನೋಡಬೇಕು ಅಂತ ಹೇಳುತ್ತಾರೆ.

ಆ ಲಕ್ಷಣಗಳು ಇಲ್ಲವಾದರೆ ಒಂದೈದು ವಾರ ಹೀಗೆ ನಡೆಸಿ ನೋಡಿ: ಮಂಗಳವಾರ ಮತ್ತು ಶುಕ್ರವಾರ ಸಾರು, ಒಂದು ಡಬ್ಬಿ ಹೊರಗೆ. ಮೊದಲ ವಾರ ಯಾರಿಗೂ ಕೊಡಬೇಡಿ. ಉಪ್ಪು ಹೆಚ್ಚಾಗಿರುತ್ತದೆ, ಎಲ್ಲರದ್ದೂ ಆಗುತ್ತದೆ.